ಮಾವನ ಕಲ್ಲಿಗೆ ಬಂದ ಹೆಸರುಗಳು

ಬಾದನಹಟ್ಟಿಯ ಕಾಲುವೆ ದಾಟಿದರೆ ಕುರುಗೋಡಿನ ರಸ್ತೆಗೆ ಅಂಟಿಕೊಂಡು ಒಂದು ಎರೆಹೊಲ. ಆ ಹೊಲದ ಮೂಲೆಯಲ್ಲಿ ಒಂದು ಕಲ್ಲು. ಆ ಕಲ್ಲಿನ ಕೆಳಗೆ ಅಕ್ಕನಾಗಮ್ಮನ ಮಾವ ಮರಿಬಸಪ್ಪ ಕೂತಿದ್ದ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಕೊಡುತ್ತಾರೆ. ಬದುಕಿದ್ದಷ್ಟು ದಿನವೂ ಕೂತೇ ತಿಂದ ಮನುಷ್ಯನಿಗೆ ಸತ್ತ ಮೇಲೆ ಕೂರುವುದೇನು ಕಷ್ಟ ಎಂದು ಅಕ್ಕನಾಗಮ್ಮ ಮಣ್ಣು ಮಾಡಿದ ದಿನವೇ ಅಂದುಕೊಂಡಿದ್ದಳು. ಬಾಯಿಬಿಟ್ಟು ಅಂದಿರಲಿಲ್ಲ, ಅಷ್ಟೆ.

ಮರಿಬಸಪ್ಪನ ಬಾಳನ್ನು ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಕಿಲ್ಲ. ಬೆಳಿಗ್ಗೆ ಎದ್ದು, ಬಿಳಿ ಧೋತ್ರ ಉಟ್ಟು, ಕುರುಗೋಡಿನ ಬಸ್‌ಸ್ಟ್ಯಾಂಡ್ ಪಕ್ಕದ ಬೇವಿನಕಟ್ಟೆಗೆ ಹೋಗಿ ಇಸ್ಪೀಟು ಹಿಡಿದರೆ ಎಲೆಯ ಮೇಲಿನ ರಾಜ ಯಾರು, ರಾಣಿ ಯಾರು ಕಾಣದಷ್ಟು ಕತ್ತಲಾದಾಗಲೇ ಏಳುತ್ತಿದ್ದ. ಬಸವೇಶ್ವರನ ಗುಡಿಗೆ ಹೋದರೂ ಮುಗಿದ ಕೈ ಒಳಗೆ, ಕಣ್ಣು ಹೊರಗೆ ಬಿಟ್ಟ ಮೆಟ್ಟಿನ ಮೇಲೆ. ಮನೆಗೆ ಬಂದರೆ ಸಾರಿಗೆ ಉಪ್ಪು ಕಮ್ಮಿ, ಸೊಸೆಗೆ ಬಾಯಿ ಜಾಸ್ತಿ. ಒಬ್ಬರಿಗೂ ಒಂದು ಒಳ್ಳೆ ಮಾತು ಆಡಿದವನಲ್ಲ. ಒಂದು ಗಿಡ ನೆಟ್ಟವನಲ್ಲ. ಸತ್ತಾಗ ಊರವರು ಬಂದರು, ಮಣ್ಣು ಹಾಕಿದರು, ಕೈ ತೊಳೆದುಕೊಂಡು ಹೋದರು. ಅವನ ಹೆಸರೆತ್ತಿ ಅತ್ತವರು ಯಾರೂ ಇರಲಿಲ್ಲ.

ಅವನಿಗೆ ಇಬ್ಬರು ಮಕ್ಕಳು. ಹಿರಿಯರು ಕೂತು ಪಾಲು ಮಾಡಿದಾಗ ಕುರುಗೋಡಿನ ಮನೆ ಮತ್ತು ಪೇಟೆಯ ಅಂಗಡಿ ಹಿರಿಯವ ಕೊಟ್ರಬಸಪ್ಪನಿಗೆ ಹೋಯಿತು. ಬಾದನಹಟ್ಟಿಯ ಹೊಲ ಕಿರಿಯವ ಸಿದ್ದಲಿಂಗೇಶನಿಗೆ ಬಂತು. ಹೊಲದ ಜೊತೆಗೆ ಅಪ್ಪನೂ ಬಂದ. ಸಿದ್ದಲಿಂಗೇಶ ಕಾಮಾಲೆಯಾಗಿ ಬೇಗ ಹೋಗಿಬಿಟ್ಟ. ಆಮೇಲೆ ಮಾವನ ಚಾಕರಿಯೂ ಅಕ್ಕನಾಗಮ್ಮನದೇ, ಹೊಲದ ಬೇಸಾಯವೂ ಅಕ್ಕನಾಗಮ್ಮನದೇ. ಕಾಲುವೆಯಲ್ಲಿ ನೀರು ಬಂದಾಗ ಮೆಣಸಿನಕಾಯಿ, ಬರದಿದ್ದಾಗ ಜೋಳ. ಆ ಹೊಲದಿಂದಲೇ ಮಗ ಹಂಪೇಶನನ್ನು ಸಾಕಿದಳು. ಅದಿಲ್ಲದಿದ್ದರೆ ಅವಳು ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗಬೇಕು. ಬೇರೆ ದಾರಿ ಇರಲಿಲ್ಲ. ಇದು ಅವಳಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು, ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆ ಮಾಡಿದ ಭಾವ ಕೊಟ್ರಬಸಪ್ಪನಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಕಲ್ಲು ಕಲ್ಲಾಗಿದ್ದ ಕಾಲದಲ್ಲಿ ಯಾವ ತಂಟೆಯೂ ಇರಲಿಲ್ಲ. ಅಕ್ಕನಾಗಮ್ಮ ಅದನ್ನು 'ಮಾವನ ಕಲ್ಲು' ಅನ್ನುತ್ತಿದ್ದಳು, ಹಂಪೇಶ 'ತಾತನ ಕಲ್ಲು' ಅನ್ನುತ್ತಿದ್ದ. ಅಮಾವಾಸ್ಯೆಗೊಮ್ಮೆ ನೀರು ಸುರಿದು, ವಿಭೂತಿ ಬಳಿದು, ಎರಡು ಊದುಬತ್ತಿ ಹಚ್ಚಿದರೆ ಮುಗಿಯಿತು. ಮಿಕ್ಕ ದಿನ ಅದರ ಅಂಚಿಗೆ ಕುಡುಗೋಲು ಮಸೆಯುತ್ತಿದ್ದಳು, ಮೇಲೆ ಬುತ್ತಿಗಂಟು ಇಡುತ್ತಿದ್ದಳು, ಎಮ್ಮೆಯ ಹಗ್ಗವನ್ನು ಅದಕ್ಕೇ ಸುತ್ತುತ್ತಿದ್ದಳು. ಕೂಲಿಗೆ ಬರುವ ಸುಂಕಮ್ಮ ಅದಕ್ಕೆ ಬೆನ್ನು ಆನಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ, "ನಿಮ್ಮ ಮಾವ ಬದುಕಿದ್ದಾಗ ಒಂದ್ ದಿನಾನೂ ಕೆಲಸಕ್ಕ ಬರಲಿಲ್ಲ. ಈಗ ನೋಡ್, ಎಷ್ಟ್ ಕೆಲಸ ಮಾಡಾಕತ್ಯಾನ," ಎಂದು ನಗುತ್ತಿದ್ದಳು. ಆ ಮಾತು ಸುಳ್ಳೇನಲ್ಲ.

ಕೆಟ್ಟ ಗಳಿಗೆ ಬಂದದ್ದು ಸಿರುಗುಪ್ಪದ ಕಡೆಯಿಂದ. ಅಲ್ಲಿ ಗಾದೆಪ್ಪ ಎಂಬ ರೈಸ್‌ಮಿಲ್ ಸಾಹುಕಾರ. ಮೈತುಂಬ ದುಡ್ಡು, ಬೆನ್ನುತುಂಬ ನೋವು. ಬಳ್ಳಾರಿಯ ಡಾಕ್ಟರುಗಳೆಲ್ಲ ಅವನ ಬೆನ್ನನ್ನು ಮುಟ್ಟಿ ನೋಡಿ ಆಗಿತ್ತು. ಒಂದು ದಿನ ಕುರುಗೋಡಿಗೆ ಹೊರಟವನ ಕಾರು ಅಕ್ಕನಾಗಮ್ಮನ ಹೊಲದ ಎದುರಿಗೇ ಪಂಕ್ಚರ್ ಆಯಿತು. ಡ್ರೈವರ್ ಗಾಲಿ ಬಿಚ್ಚುವವರೆಗೆ ಎಲ್ಲಿ ಕೂರುವುದು? ಬಂದು ಕಲ್ಲಿನ ಮೇಲೆ ಕೂತ. ಬಿಸಿಲಿಗೆ ಕಾದ ಕಲ್ಲು ಕುಂಡೆ ಸುಟ್ಟಿರಬೇಕು, ಧಡಕ್ಕನೆ ಎದ್ದ. ಎದ್ದ ರಭಸಕ್ಕೆ ಬೆನ್ನಿನಲ್ಲಿ ಏನೋ ಲಟಕ್ ಅಂತು. ನೋವು ಮಾಯ! ಹಂಗೇ ಬಗ್ಗಿ ನೋಡಿದ, ಎದ್ದು ನೋಡಿದ, ಮತ್ತೆ ಬಗ್ಗಿದ. ನೀರು ಬಿಡಲು ಹೊಲಕ್ಕೆ ಬಂದಿದ್ದ ಹಂಪೇಶ ಈ ದೊಡ್ಡ ಮನುಷ್ಯನ ಕಸರತ್ತು ನೋಡುತ್ತ ನಿಂತಿದ್ದ.

"ತಮ್ಮಾ, ಯಾರ್ದಪ್ಪಾ ಇದು?" ಎಂದ ಗಾದೆಪ್ಪ.

"ತಾತಂದ್ರಿ," ಎಂದ ಹಂಪೇಶ.

ಆ ಮಂಗ್ಯಾ ಅಷ್ಟು ಹೇಳಿ ಬಾಯಿ ಮುಚ್ಚಿದ. 'ನಮ್ಮ ತಾತಂದ್ರಿ, ನಮ್ಮಪ್ಪನ ಅಪ್ಪಂದು' ಅಂದಿದ್ದರೆ ಊರು ಉಳಿಯುತ್ತಿತ್ತು. ಬಳ್ಳಾರಿ ಸೀಮೆಯಲ್ಲಿ ಮನೆಯ ಮುದುಕನೂ ತಾತ, ಪವಾಡ ಮಾಡುವ ಸಾಧುವೂ ತಾತ. ಒಂದೇ ಮಾತು ಎರಡೂ ಕಡೆ ದುಡಿಯುತ್ತದೆ. ಗಾದೆಪ್ಪನ ಕಿವಿಗೆ ಎರಡನೆಯದು ಬಿತ್ತು. ಮೆಟ್ಟು ಕಳಚಿಟ್ಟು, ಟವೆಲನ್ನು ಸೊಂಟಕ್ಕೆ ಸುತ್ತಿ, ಬಿಸಿಲಲ್ಲಿ ಅಡ್ಡಬಿದ್ದ. ಏಳುವಾಗ, "ತಾತನ ಸಮಾಧಿ ಮ್ಯಾಲೆ ಕುಂತುಬಿಟ್ಟೆನಲ್ಲೋ ಪಾಪಿ ನಾನು," ಎಂದು ಕೆನ್ನೆ ಕೆನ್ನೆ ಬಡಿದುಕೊಂಡ. ಮುಂದಿನ ಸೋಮವಾರ ಹೂವು, ಕಾಯಿ, ನೆಂಟರಿಷ್ಟರ ಸಮೇತ ಬಂದ.

ಹಂಗೆ ಕಲ್ಲು ಸಮಾಧಿಯಾಯಿತು. ಸುದ್ದಿ ಪಾರ್ವತಿನಗರ ಮುಟ್ಟಲು ತಡವಾಗಲಿಲ್ಲ.

ಕೊಟ್ರಬಸಪ್ಪನ ಬಗ್ಗೆ ಅಕ್ಕನಾಗಮ್ಮನಿಗಿದ್ದ ಅಭಿಪ್ರಾಯ ಬಹಳ ಸ್ಪಷ್ಟವಾಗಿತ್ತು: ಅಪ್ಪ ಕೂತು ಕೆಟ್ಟ, ಮಗ ಕುರ್ಚಿ ಹುಡುಕಿ ಕೆಟ್ಟ. ಅಂಗಡಿ ಮಾರಿ ತಾಲ್ಲೂಕು ಪಂಚಾಯತಿಗೆ ನಿಂತು ಸೋತ. ಮನೆ ಮಾರಿ ಸೊಸೈಟಿಗೆ ನಿಂತು ಸೋತ. ಗೆದ್ದವರ ಮೆರವಣಿಗೆಯಲ್ಲಿ ಗೆದ್ದವರಿಗಿಂತ ಹೆಚ್ಚು ಗುಲಾಲು ಬಳಿದುಕೊಂಡು ಕುಣಿಯುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಒಂದರಲ್ಲೂ ಇಂಕಿಲ್ಲ. ಯಾರಾದರೂ ತನ್ನನ್ನು 'ಅಧ್ಯಕ್ಷರೇ' ಅನ್ನಲಿ ಎಂಬುದು ಅವನ ಒಂದೇ ಆಸೆ. ಗಣೇಶನ ಪೆಂಡಾಲಿನ ಹುಡುಗರು ಕೂಡ ಅನ್ನಲಿಲ್ಲ. ಅಪ್ಪನ ಕಡೆಗಾಲದಲ್ಲಿ ಯುಗಾದಿಗೊಮ್ಮೆ ಬಂದು, ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಹೆಂಗದೀಯಪಾ?" ಎಂದು ಕೇಳಿ ಹೋಗುತ್ತಿದ್ದ ಪುತ್ರರತ್ನ ಇದು.

ಈಗ ನೋಡಿದರೆ ಕಾರಿನಿಂದ ಇಳಿದವನೇ ಓಡಿಬಂದು ಕಲ್ಲನ್ನು ತಬ್ಬಿಕೊಂಡ. ಕಣ್ಣಲ್ಲಿ ನೀರು ಬೇರೆ. ಅಕ್ಕನಾಗಮ್ಮ ಕುಡುಗೋಲು ಹಿಡಿದು ಅಲ್ಲೇ ನಿಂತಿದ್ದಳು.

"ಆ ಕುಡುಗೋಲು ಮಸೀಬ್ಯಾಡಬೇ ಇನ್ನ ಇಲ್ಲೆ," ಎಂದ ಕೊಟ್ರಬಸಪ್ಪ ಮೂಗು ಒರೆಸಿಕೊಳ್ಳುತ್ತ. "ಅಪ್ಪ ಸತ್ತಿಲ್ಲ. ಸಮಾಧ್ಯಾಗ ಅದಾನ. ಕಣ್ಣು ಮುಚ್ಚಿ ಧ್ಯಾನ ಮಾಡಾಕತ್ಯಾನ."

"ಸತ್ತಿಲ್ಲಂದ್ರ ಎಬ್ಬಸ್ರಿ ಭಾವಾರ," ಎಂದಳು ಅಕ್ಕನಾಗಮ್ಮ. "ಮೆಣಸಿನಕಾಯಿ ಬಿಡಸಾಕ ಆಳು ಸಿಗವಲ್ರು."

ಸುಂಕಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. ನಕ್ಕು, "ಗೋರಿ ಮ್ಯಾಲೆ ಕುಂದರಬಾರದು ಅಂತ ನಮಗೇನ್ ಗೊತ್ರಿ ಸಾಹುಕಾರ್ರ," ಎಂದುಬಿಟ್ಟಳು.

ಕೊಟ್ರಬಸಪ್ಪನಿಗೆ ಚೇಳು ಕಡಿದಂತಾಯಿತು. "ಗೋರಿ ಅನಬ್ಯಾಡ! ಬಾಯಿಗೆ ಬಂದಂಗ ಮಾತಾಡಬ್ಯಾಡ. ಗೋರಿ ಅಂದ್ರ ಸತ್ತೋರಿಗಿ. ಸಮಾಧಿ ಅಂದ್ರ ತಪಸ್ಸಿಗಿ ಕುಂತೋರಿಗಿ. ಗದ್ದಿಗಿ ಅಂದ್ರ ಆಳೋರಿಗಿ. ತಿಳೀತೇನು? ಇನ್ನ ಮ್ಯಾಲೆ ಇದು ಗದ್ದಿಗಿ. ಮರಿಬಸವ ತಾತನ ಗದ್ದಿಗಿ."

ಅಲ್ಲಿಗೆ ಕಲ್ಲು ಗದ್ದುಗೆಯ ಮಟ್ಟಕ್ಕೆ ಏರಿತು. ಇಸ್ಪೀಟಿನ ರಾಜನನ್ನು ಬಿಟ್ಟು ಬೇರೆ ರಾಜನ ಮುಖ ನೋಡದ ಮರಿಬಸಪ್ಪ ಸಿಂಹಾಸನದ ಹೆಸರು ಹೊತ್ತು ಕೂತ. ಮಠದ ಸ್ವಾಮಿಗಳ ಪೀಠಕ್ಕೂ ಅದೇ ಮಾತು, ಬೆಂಗಳೂರಲ್ಲಿ ಎಲೆಕ್ಷನ್ ಗೆದ್ದು ಏರುವ ಕುರ್ಚಿಗೂ ಅದೇ ಮಾತು, ಈ ಹಾಳು ಕಲ್ಲಿಗೂ ಅದೇ ಮಾತು. ಕೊಟ್ರಬಸಪ್ಪ ಎರಡು ಸಲ ಸೋತು ಏರಲಾಗದ ಗದ್ದುಗೆ ಅಪ್ಪನ ತಲೆಯ ಮೇಲೆ ಸಿಕ್ಕಿತ್ತು. ಗದ್ದುಗೆ ಅಂದ ಮೇಲೆ ಒಂದು ಕಮಿಟಿ ಬೇಕು, ಕಮಿಟಿ ಅಂದ ಮೇಲೆ ಒಬ್ಬ ಅಧ್ಯಕ್ಷ ಬೇಕು. ಅದು ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಹೆಸರು ಒಂದೊಂದು ಮೆಟ್ಟಿಲು ಏರಿದಂತೆ ಹೊಲ ಅಷ್ಟಷ್ಟೇ ಸವೆಯಿತು. ಸಮಾಧಿಯಾದಾಗ ಎಮ್ಮೆಯನ್ನು ಬೇರೆ ಕಡೆ ಕಟ್ಟಬೇಕಾಯಿತು, ಬುತ್ತಿಯನ್ನು ಬದುವಿನ ಮೇಲೆ ಇಡಬೇಕಾಯಿತು. ಹೋಗಲಿ, ಬಿಡು. ಗದ್ದುಗೆಯಾದ ಮೇಲೆ ಸುತ್ತ ಮೆಟ್ಟು ಹಾಕಿಕೊಂಡು ಓಡಾಡಬಾರದು ಎಂದು ಕಮಿಟಿಯವರು ಅಂದರು. ಮುಳ್ಳು, ಹುಳ ಇರುವ ಎರೆಯಲ್ಲಿ ಬರಿಗಾಲಲ್ಲಿ ಕಳೆ ಕೀಳು ಎಂದರೆ ಕೂಲಿಯವರು ಬರುತ್ತಾರೆಯೇ? ಬರಲಿಲ್ಲ. ಗದ್ದುಗೆಗೆ ಔಷಧದ ವಾಸನೆ ತಾಗಬಾರದು ಎಂದು ಮೆಣಸಿನಕಾಯಿಗೆ ಎಣ್ಣೆ ಹೊಡೆಯುವುದನ್ನು ನಿಲ್ಲಿಸಿದರು. ಎಲೆ ಮುದುಡಿ ಸುರುಳಿಯಾಯಿತು. ತಿಪ್ಪೆಗೊಬ್ಬರ ಹೇರಿದರೆ ಮೈಲಿಗೆ ಅಂದರು. ಬರುವ ಮಂದಿಗೆ ದಾರಿ ಬೇಕು ಎಂದು ಒಂದಷ್ಟು ಸಾಲು ಕಿತ್ತರು, ಕಾರು ನಿಲ್ಲಿಸಲು ಇನ್ನೊಂದಷ್ಟು. ಆಮೇಲೆ ಗಾದೆಪ್ಪನ ಖರ್ಚಿನಲ್ಲಿ ಕಲ್ಲಿನ ಮಂಟಪ ಎದ್ದಿತು, ಅದರ ಸುತ್ತ ಅಂಗಳ ಹರಡಿತು.

ಅಕ್ಕನಾಗಮ್ಮ ಊರ ಹಿರಿಯರ ಹತ್ತಿರ ಹೋದಳು. ಪಾಲು ಮಾಡಿಕೊಟ್ಟವರೇ ಅವರು. "ಗದ್ದಿಗಿ ವಿಚಾರ ಐತಿ ತಂಗಿ, ನಾವು ಹೆಂಗ ಬಾಯಿ ಹಾಕೂದು?" ಎಂದು ಗೋಡೆ ನೋಡಿದರು. ತಮ್ಮನ ಹೆಂಡತಿಯ ಹೊಲ ಬೇಕು ಎಂದು ಕೊಟ್ರಬಸಪ್ಪ ಕೇಳಿದ್ದರೆ ಇದೇ ಮಂದಿ ಅವನ ಮುಖಕ್ಕೆ ಉಗಿಯುತ್ತಿದ್ದರು. ಅವನು ಹೊಲ ಅನ್ನಲಿಲ್ಲ, ಗದ್ದುಗೆ ಅಂದ. ಆದ್ದರಿಂದ ಕೈಮುಗಿದರು. ಥೂ, ಇವರೂ ಒಂದು ಹಿರಿಯರಾ ಎಂದು ಬೈಯುತ್ತ ಮನೆಗೆ ಬಂದರೆ ಹಂಪೇಶ ರಸ್ತೆಯ ಬದಿಗೆ ಹಾಕಲು ತಗಡಿನ ಡಬ್ಬಿ ಅಂಗಡಿಗೆ ಹಸಿರು ಬಣ್ಣ ಬಳಿಯುತ್ತಿದ್ದ.

"ಏನಲೇ ಇದು?"

"ಕಾಯಿ, ಕರ್ಪೂರ, ಊದುಬತ್ತಿ ಇಡ್ತೀನಿ ಯವ್ವಾ. ದೊಡ್ಡಪ್ಪನ ಹೇಳ್ಯಾನ. ಮೆಣಸಿನಕಾಯಿ ನಂಬಿ ಎಷ್ಟ್ ದಿನ ಸಾಯೂದು? ಹುಳ ಬೀಳಂಗಿಲ್ಲ, ನೀರು ಬ್ಯಾಡ."

ಯಾರಿಗಾಗಿ ಈ ಹೊಲ ಉಳಿಸಬೇಕು ಎಂದು ಒದ್ದಾಡುತ್ತಿದ್ದಳೋ ಅವನೇ ತೆಂಗಿನಕಾಯಿ ಮಾರಲು ಹೊರಟಿದ್ದ. ಅಜ್ಜನ ರಕ್ತ, ಕೂತು ತಿನ್ನುವ ರಕ್ತ, ಎಲ್ಲಿಗೆ ಹೋಗುತ್ತದೆ? ಸರಿ, ಮಗನಿಗಾಗಿ ಬೇಡ, ತನಗಾಗಿಯೇ ಉಳಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದಳು. ದುಡಿದ ಮೈ ಅವಳದು. ಮರುದಿನ ಕುರುಗೋಡಿಗೆ ಹೋಗಿ ಬಳ್ಳಾರಿ ಬಸ್ಸು ಹತ್ತಿದಳು.

ಪಾರ್ವತಿನಗರದ ಮನೆಯ ಹಾಲ್‌ನಲ್ಲಿ ಕಾಲಿಟ್ಟವಳು ಬೆಚ್ಚಿ ನಿಂತಳು. ಗೋಡೆಯ ತುಂಬ ಮರಿಬಸಪ್ಪ. ಹಣೆಗೆ ಮೂರು ಬೆರಳು ವಿಭೂತಿ, ಕೊರಳಿಗೆ ರುದ್ರಾಕ್ಷಿ, ತಲೆಯ ಹಿಂದೆ ಬೆಳಕಿನ ಚಕ್ರ. ಅವನ ಬಾಳಿನಲ್ಲಿ ತೆಗೆಸಿಕೊಂಡದ್ದು ಒಂದೇ ಫೋಟೋ, ಅದೂ ಬೇವಿನಕಟ್ಟೆಯ ಗೆಳೆಯನೊಬ್ಬ ಆಟದ ನಡುವೆ ತೆಗೆದದ್ದು. ಕೈಯಲ್ಲಿ ಎಲೆಗಳನ್ನು ಬೀಸಣಿಗೆಯಂತೆ ಹಿಡಿದು ಒಂದು ಎಲೆ ಎಸೆಯಲು ಕೈ ಎತ್ತಿದ್ದ. ಫ್ಲೆಕ್ಸ್ ಮಾಡುವವನು ಇಸ್ಪೀಟು ಅಳಿಸಿದ್ದ, ಕೈ ಹಾಗೇ ಬಿಟ್ಟಿದ್ದ. ಈಗ ನೋಡಿದರೆ ಮರಿಬಸಪ್ಪ ಲೋಕಕ್ಕೆಲ್ಲ ಆಶೀರ್ವಾದ ಮಾಡುತ್ತಿದ್ದ. ಅಕ್ಕನಾಗಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಹೊಟ್ಟೆ ಉರಿಯಿತು.

"ಭಾವಾರ, ನನ್ನ ಹೊಲ ಬಿಡ್ರಿ," ಎಂದಳು ನಿಂತುಕೊಂಡೇ. "ಅದೊಂದ ಐತಿ ನನಗ."

"ನಿನ್ನ ಹೊಲ ಯಾರು ಕೇಳ್ಯಾರಬೇ?" ಎಂದ ಕೊಟ್ರಬಸಪ್ಪ. ಕಾಲ ಮೇಲೆ ಕಾಲು. "ಹೊಲ ನಿಂದು. ಗದ್ದಿಗಿ ಮಾತ್ರ ಊರಿಂದು."

"ಗದ್ದಿಗಿ ನನ್ನ ಹೊಲದಾಗ ಐತಲ್ರಿ?"

"ಹಂಗಲ್ಲ ಅದು. ಇನ್ನ ಮ್ಯಾಲೆ ನಿನ್ನ ಹೊಲ ಗದ್ದಿಗ್ಯಾಗ ಐತಿ. ಕಳಸ ಏರಲಿ, ಆಮ್ಯಾಲೆ ಬೇಲಿ ಹಾಕಸ್ತೀವಿ. ನಿನಗೇನ್ ಉಪವಾಸ ಕೆಡವತೀವೇನು? ಗದ್ದಿಗಿ ಕಸ ಹೊಡಿ, ಎರಡು ಹೊತ್ತು ಪ್ರಸಾದ ಉಣ್ಣು."

ತನ್ನ ಹೊಲದಲ್ಲಿ ತಾನು ಕಸ ಹೊಡೆದುಕೊಂಡು ಇರಬೇಕು! ಅಕ್ಕನಾಗಮ್ಮ ಗೋಡೆಯ ಕಡೆ ಕೈ ತೋರಿಸಿದಳು. "ನಿಮ್ಮಪ್ಪ ಎಂಥಾವ ಅಂತ ನಿಮಗ ಗೊತ್ತಿಲ್ಲೇನ್ರಿ?"

ಅವನು ನಕ್ಕ. "ಯಾಕ ಗೊತ್ತಿಲ್ಲ? ಆದ್ರ ಗೊತ್ತಿದ್ದೋರು ಯಾರ್ ಉಳದಾರ? ಕಟ್ಟಿ ಮ್ಯಾಲಿನ ಗೆಳ್ಯಾರು ಎಲ್ಲಾ ಹ್ವಾದ್ರು. ಊರ ಹಿರ್ಯಾರು ಕೈಮುಗದಾರ, ಇನ್ನ ಬಾಯಿ ಬಿಡಂಗಿಲ್ಲ. ಉಳದೋರು ನಾನು, ನೀನು. ನಾನಂತೂ ಹೇಳಂಗಿಲ್ಲ."

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ಆ ಕೊನೆಯ ಮಾತು ಅವಳ ಮನಸ್ಸಿನಲ್ಲಿ ನಿಂತಿತು. ಅವನು ಹೇಳುವುದಿಲ್ಲ. ಸರಿ, ನಾನು ಹೇಳುತ್ತೇನೆ. ಮಾವನ ಹೇಲು ಉಚ್ಚೆ ಬಳಿದವಳು ನಾನು. ಕಳಸದ ದಿನ ನೆರೆದ ಮಂದಿಯ ಮುಂದೆ ಅವನನ್ನು ಬತ್ತಲೆ ಮಾಡಿ ನಿಲ್ಲಿಸುತ್ತೇನೆ. ಇಂಥವನಿಗಾ ನಾವು ಅಡ್ಡಬಿದ್ದದ್ದು ಎಂದು ಅಸಹ್ಯಪಟ್ಟು ಮಂದಿ ಎದ್ದು ಹೋಗಬೇಕು. ಮಂದಿ ಹೋದರೆ ಗದ್ದುಗೆ ಹೋಯಿತು, ಗದ್ದುಗೆ ಹೋದರೆ ಹೊಲ ತನ್ನದು. ಲೆಕ್ಕ ಸರಿಯಾಗಿಯೇ ಇತ್ತು. ಮಂದಿಯ ಬುದ್ಧಿಯನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಮಾಘದ ಒಂದು ಸೋಮವಾರ ಕಳಸ ಏರಿಸಲು ಗೊತ್ತುಮಾಡಿದರು. ಹುಳಕ್ಕೆ ಸಿಕ್ಕು ಉಳಿದಿದ್ದ ಮೆಣಸಿನಕಾಯಿ ಗಿಡದಲ್ಲಿ ಕೆಂಪಾಗಿ ನಿಂತಿದ್ದ ಹೊತ್ತು. ಸಿರುಗುಪ್ಪದಿಂದ ಗಾದೆಪ್ಪನ ಕಡೆಯವರು, ಕುರುಗೋಡಿನಿಂದ ಪೇಟೆಯವರು, ಬಳ್ಳಾರಿಯಿಂದ ಕೊಟ್ರಬಸಪ್ಪನ ಬಿಳಿ ಅಂಗಿಯ ಗುಂಪು. ದಾರಿ ಸಾಲದೆ ಮಂದಿ ಸಾಲಿನೊಳಗೇ ನುಗ್ಗಿದರು. ಹಣ್ಣುಗಾಯಿ ಕಾಲಡಿಗೆ ಸಿಕ್ಕಿ ಪಟಪಟ ಒಡೆದು ಘಾಟು ಎದ್ದಿತು. ಎಲ್ಲರೂ ಕೆಮ್ಮಿದರು. "ತಾತನ ಶಕ್ತಿ ನೋಡು, ಕಣ್ಣಾಗ ನೀರು ತರಿಸ್ತಾನ," ಎಂದು ಒಬ್ಬ ಪುಣ್ಯಾತ್ಮ ಅಂದದ್ದನ್ನು ಅಕ್ಕನಾಗಮ್ಮ ಕಿವಿಯಾರೆ ಕೇಳಿದಳು.

ಮಂಟಪದ ಮೇಲೆ ಕಳಸ ಏರಿತು. ಕೊಟ್ರಬಸಪ್ಪ ಮೈಕಿನಲ್ಲಿ ತನ್ನ ತಂದೆಯ ತಪಸ್ಸಿನ ಬಗ್ಗೆ ಮಾತಾಡಿದ. ಬೇವಿನ ಮರದ ಕೆಳಗೆ ಹಗಲೆಲ್ಲ ಅಲುಗದೆ ಕೂತಿರುತ್ತಿದ್ದರಂತೆ. ಅದೂ ಸುಳ್ಳೇನಲ್ಲ! ಆಮೇಲೆ ಗಾದೆಪ್ಪ ಎದ್ದು, "ತಾತನ ಸೇವಾ ಮಾಡಿದ ಮಹಾತಾಯಿ ಇಲ್ಲೇ ಅದಾರ. ಅವರು ನಾಕು ಮಾತು ಹೇಳಬೇಕು," ಎಂದ. ಕೊಟ್ರಬಸಪ್ಪನ ಮುಖದ ನೆತ್ತರು ಇಳಿಯಿತು. "ಅವರಿಗೆ ಮೈಯಾಗ ಆರಾಮಿಲ್ರಿ," ಎಂದು ಮೈಕಿಗೆ ಕೈ ಹಾಕಿದ. ಅಷ್ಟರಲ್ಲಿ ಅಕ್ಕನಾಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಮೈಕು ಕಿತ್ತುಕೊಂಡಿದ್ದಳು.

"ಎಲ್ಲಾರೂ ಕೇಳ್ರಿ," ಎಂದಳು. "ನಿಮ್ಮ ತಾತ ಎಂಥಾವ ಅಂತ ನಾ ಹೇಳ್ತೀನಿ. ಬಿಸಿರೊಟ್ಟಿ ಮಾಡಿ ಹಾಕಿದ್ರ ತಾಟು ಎತ್ತಿ ನನ್ನ ಮುಖಕ್ಕ ಒಗೀತಿದ್ದ. ಇಲ್ಲಿ ನೋಡ್ರಿ, ಹಣಿ ಮ್ಯಾಲೆ ಕಲೆ ಐತಿ!"

ಕೊಟ್ರಬಸಪ್ಪ ಬೆವರು ಒರೆಸಿಕೊಂಡ. ಅದನ್ನು ನೋಡಿ ಅವಳಿಗೆ ಹುರುಪು ಬಂತು.

"ಬಂದೋರಿಗಿ ಹೋದೋರಿಗಿ ಹೊಲಸು ಹೊಲಸು ಬೈತಿದ್ದ. ಈ ಮಗ, ಇಲ್ಲಿ ನಿಂತಾನಲ್ಲ, ಇವನಿಗೆ 'ನಾಯಿ ಬಂತು ನೋಡು' ಅಂತಿದ್ದ. ತಿಂಗಳಾನುಗಟ್ಲೆ ಮೈಗೆ ನೀರು ಹಾಕಿಸಿಕೊಳ್ತಿರಲಿಲ್ಲ. ಕಡೀ ಕಡೀಗೆ ಮೈಮ್ಯಾಲಿನ ಅರಿವಿ ಎಲ್ಲಾ ಕಿತ್ತೊಗೆದು ಬತ್ತಲೆ ಓಣ್ಯಾಗ ನಿಂದರ್ತಿದ್ದ! ಹಿಡಕೊಂಡು ಬರಾಕ ಹ್ವಾದ್ರ ಕಲ್ಲು ಬೀರ್ತಿದ್ದ!"

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ ನಿಧಾನಕ್ಕೆ ಎರಡೂ ಕೈ ಎತ್ತಿ ತಲೆಯ ಮೇಲೆ ಜೋಡಿಸಿದಳು. "ಅವಧೂತ," ಎಂದಳು. "ನನ್ನಪ್ಪಾ, ಅವಧೂತ!"

ಅಕ್ಕನಾಗಮ್ಮ ಆ ಸೀಮೆಯಲ್ಲೇ ಹುಟ್ಟಿದವಳು. ಆದರೂ ಸಿಟ್ಟಿನ ಭರದಲ್ಲಿ ಇದೊಂದು ಅವಳಿಗೆ ಹೊಳೆದಿರಲಿಲ್ಲ. ಬೆತ್ತಲೆ ತಿರುಗುವ, ಬೈಯುವ, ಕಲ್ಲು ಬೀರುವ ತಾತಂದಿರನ್ನೇ ಈ ಮಂದಿ ಹುಡುಕಿಕೊಂಡು ಹೋಗುವುದು. ಅಂಥವರ ಕೈಯಲ್ಲಿ ಬೈಸಿಕೊಂಡರೆ ಭಾಗ್ಯ, ಒದೆ ತಿಂದರೆ ಮೋಕ್ಷ. ಕೊಟ್ರಬಸಪ್ಪ ಬಳಿದ ವಿಭೂತಿ, ರುದ್ರಾಕ್ಷಿಗಳಲ್ಲಿ ಇಲ್ಲದ ಕಳೆ ಅವಳ ಬಾಯಿಂದ ಮಾವನಿಗೆ ಬಂದುಬಿಟ್ಟಿತು. ಹಿಂದಿನಿಂದ ಒಬ್ಬರು ಜಯಕಾರ ಹಾಕಿದರು, ಹೊಲವೆಲ್ಲ ದನಿಗೂಡಿಸಿತು. ಹಣೆಯ ಕಲೆ ಮುಟ್ಟಬೇಕು ಎಂದು ಹೆಂಗಸರು ಮಂಟಪದ ಕಡೆ ನುಗ್ಗಿದರು.

"ಅಯ್ಯೋ, ಅಲ್ರೋ ಹುಚ್ಚುಗೋಳಾ!" ಎಂದು ಕೂಗಿದಳು. "ಆತಗ ಅರಳು ಮರಳು ಆಗಿತ್ತು! ಸೋಮಾರಿ ಆತ, ಇಸ್ಪೀಟ್ ಆಡ್ತಿದ್ದ!"

"ಈ ಸಂಸಾರ ಎಲ್ಲಾ ಇಸ್ಪೀಟಿನ ಆಟ ಅಂತ ತೋರಿಸ್ಯಾನ," ಎಂದ ಗಾದೆಪ್ಪ, ಗದ್ಗದ ದನಿಯಲ್ಲಿ. ಕೊಟ್ರಬಸಪ್ಪ ಮೊದಲು ಬೆಪ್ಪಾಗಿ ನಿಂತಿದ್ದ. ಆಮೇಲೆ ಅವನ ಮುಖ ಅರಳತೊಡಗಿತು. ನಾಯಿ ಎಂದು ಅಪ್ಪ ಬೈದದ್ದು ಕೂಡ ಈಗ ಅವನಿಗೆ ಬಿರುದಾಯಿತು. ನಾಚಿಕೆಗೆಟ್ಟವನು ಎದೆಯ ಮೇಲೆ ಕೈ ಇಟ್ಟು ಮಂದಿಗೆ ತಲೆ ಬಾಗಿಸಿದ.

ಅಕ್ಕನಾಗಮ್ಮ ಹೊಲದ ಕಡೆ ತಿರುಗಿದಳು. ಎದುರಿಗೆ ಸಾಲು ಸಾಲು ಗಿಡ ಮುರಿದು ಮಲಗಿದ್ದವು. ತಾನು ನೆಟ್ಟದ್ದು, ತಾನು ನೀರು ಕಟ್ಟಿದ್ದು. ಎದೆಯೊಳಗಿದ್ದುದೆಲ್ಲ ಒಂದೇ ಸಲ ಬಾಯಿಗೆ ಬಂತು.

"ಇಳೀರಲೇ ನನ್ನ ಹೊಲ! ನನ್ನ ಹೊಟ್ಟಿ ಮ್ಯಾಲೆ ನಿಂತೀರಿ! ನಿಮ್ಮ ಬಾಯಾಗ ಮಣ್ಣು ಬೀಳ!"

ಗಾದೆಪ್ಪ ಟವೆಲನ್ನು ಸೊಂಟಕ್ಕೆ ಕಟ್ಟಿ ಮೆಟ್ಟಿಲು ಇಳಿದ. ಮೆಣಸಿನ ಗಿಡದ ಬುಡದಲ್ಲಿ ಬಗ್ಗಿ ಒಂದು ಚಿಟಿಕೆ ಎರೆಮಣ್ಣು ತೆಗೆದು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡ. ಅವನ ಹೆಂಡತಿ ಹಾಕಿಕೊಂಡಳು. ಆಮೇಲೆ ಯಾರು ಮೊದಲು, ಯಾರು ಆಮೇಲೆ ಎಂಬುದೇ ಉಳಿಯಲಿಲ್ಲ. ಚಿಟಿಕೆ ಹಿಡಿಯಾಯಿತು, ಹಿಡಿ ಬೊಗಸೆಯಾಯಿತು. ಹೆಂಗಸರು ಸೆರಗಿಗೆ ತುಂಬಿಕೊಂಡರು, ಗಂಡಸರು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಬೆರಳಿಗೆ ಸಿಗದ ಕಡೆ ಗಿಡ ಕಿತ್ತು ಬೇರಿನ ಮಣ್ಣು ಕೊಡವಿಕೊಂಡರು. ಹಂಪೇಶ ಅಂಗಡಿಯಿಂದ ಪ್ಲಾಸ್ಟಿಕ್ ಕವರುಗಳ ಕಟ್ಟು ತಂದು ಹಂಚುತ್ತಿದ್ದ. ಮೂಲೆಯಲ್ಲಿ ಸುಂಕಮ್ಮ ಕೂಡ ಬಗ್ಗಿದ್ದಳು.

"ತಾಯೀ, ನನಗೂ ಒಂದು ಬೈರಿ," ಎಂದು ಯಾರೋ ಒಬ್ಬ ಹೆಣ್ಣುಮಗಳು ಅಕ್ಕನಾಗಮ್ಮನ ಕಾಲು ಹಿಡಿದಳು. "ಮಕ್ಕಳಾಗಿಲ್ಲ ನನಗ. ಒಂದ ಮಾತು ಬೈರಿ."

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನಾಗಮ್ಮ ಸೆರಗಿನ ಚುಂಗನ್ನು ಬಾಯಿಗೆ ತುರುಕಿಕೊಂಡು ಹಲ್ಲು ಕಚ್ಚಿದಳು. ಇನ್ನು ಒಂದು ಮಾತು, ಒಂದೇ ಒಂದು ಮಾತು ಈ ಮಂದಿಗೆ ತನ್ನ ಬಾಯಿಂದ ಸಿಗಬಾರದು.

ಕೊಟ್ರಬಸಪ್ಪ ಕೆಳಗೆ ಬಿದ್ದಿದ್ದ ಮೈಕನ್ನು ಎತ್ತಿಕೊಂಡು ಊದಿ ನೋಡಿದ.

"ಗದ್ಲ ಮಾಡಬ್ಯಾಡ್ರಿ," ಎಂದ ಮೆಲ್ಲಗೆ. "ಎಲ್ಲಾರೂ ಸಾಲಾಗಿ ಬರ್ರಿ, ಮಣ್ಣು ಬೇಕಾದಷ್ಟು ಐತಿ. ತಾಯಾರು ಮೌನ ಹಿಡದಾರ."